86 ಅಂದರೆ ಯಾಕಿಷ್ಟು ಪ್ರೀತಿ
ಟೊಯೊಟಾ ಎಇ86 ಕಾರಿನ ಬಗ್ಗೆ ಎಷ್ಟು ಓದಿದರೂ ನನಗೆ ಸಾಕಾಗುವುದಿಲ್ಲ. 1983ರಲ್ಲಿ ಜಪಾನಿನಲ್ಲಿ ಬಂದಾಗ ಅದು ಟೊಯೊಟಾದ ಕೊರೊಲ್ಲಾ ಮನೆತನದ ಕೂಪೆ, ಅಂದರೆ ಸ್ಪೋರ್ಟಿ ರೂಪದ ಚಿಕ್ಕ ಕಾರು, ಅಷ್ಟೇ. ಅದೇ ತಲೆಮಾರಿನ ಸೆಡಾನ್‌ಗಳು ಆಗಲೇ ಫ್ರಂಟ್ ವೀಲ್ ಡ್ರೈವ್‌ಗೆ ಹೋಗಿದ್ದವು. ಇದು ಮಾತ್ರ ಹಳೇ ದಾರಿ ಬಿಡಲಿಲ್ಲ: ಎಂಜಿನ್ ಮುಂದೆ, ಶಕ್ತಿಯೆಲ್ಲ ಹಿಂದಿನ ಚಕ್ರಕ್ಕೆ. 1.6 ಲೀಟರ್ ಎಂಜಿನ್, 16 ವಾಲ್ವ್, ತೂಕ ಒಂದು ಟನ್ನಿಗೂ ಕಡಿಮೆ. ಜಪಾನಿನ ರೇಸ್ ಚಾಲಕ ಕೆಯಿಚಿ ತ್ಸುಚಿಯಾ ಇದನ್ನು ತಿರುವುಗಳಲ್ಲಿ ಅಡ್ಡಡ್ಡ ಜಾರಿಸಿಯೇ ಡ್ರಿಫ್ಟ್ ಕಿಂಗ್ ಅನ್ನಿಸಿಕೊಂಡರು.

ಎಇ86 ತಯಾರಿ 1987ಕ್ಕೆ ನಿಂತಿತು. ಆಮೇಲೆ 2012ರಲ್ಲಿ, ಇನ್ನೊಂದು ಜಪಾನೀ ಕಂಪನಿ ಸುಬಾರು ಜತೆ ಸೇರಿ ಮಾಡಿದ ಹೊಸ ಕಾರು ಬಂತು: ಟೊಯೊಟಾ 86. ಎರಡು ಲೀಟರಿನ ಬಾಕ್ಸರ್ ಎಂಜಿನ್, ಅಂದರೆ ಸಿಲಿಂಡರುಗಳು ಎರಡೂ ಬದಿಗೆ ಅಡ್ಡ ಮಲಗಿರುವಂಥದ್ದು. ಸಿಲಿಂಡರಿನ ಅಗಲ 86 ಮಿಲಿಮೀಟರ್, ಪಿಸ್ಟನ್ ಓಡುವ ದೂರವೂ 86!

ನನಗೆ ಜಾಸ್ತಿ ಇಷ್ಟವಾಗಿದ್ದು ಟೈರಿನ ವಿಷಯ. ಟೊಯೊಟಾದ ಹೈಬ್ರಿಡ್ ಕಾರು ಪ್ರಿಯಸ್‌ಗೆ ಹಾಕುವಂಥ ಟೈರನ್ನೇ ಬೇಕಂತಲೇ ಈ ಟೊಯೊಟಾ 86ಗೂ ಹಾಕಿದರು. ಹಿಡಿತ ಕಡಿಮೆ ಇದ್ದಾಗ ತಿರುವಿನಲ್ಲಿ ಸಾಧಾರಣ ವೇಗದಲ್ಲೇ ಹಿಂಭಾಗ ಒಂಚೂರು ಜಾರುತ್ತದೆ. ಸ್ಟೀರಿಂಗ್ ಹಿಡಿದವರಿಗೆ ಅದು ಸೀಟಿನಲ್ಲೇ ಗೊತ್ತಾಗುತ್ತದೆ. ಓಡಿಸುವ ಖುಷಿಗೆ 300 ಕುದುರೆ ಶಕ್ತಿಯೇ ಬೇಕು ಅಂತೇನಿಲ್ಲ, ಅಲ್ವಾ?

ಇದರ ಮುಂದಿನ ತಲೆಮಾರು, 2021ರ ಜಿಆರ್86ಗೆ 2.4 ಲೀಟರ್ ಎಂಜಿನ್ ಬಂತು. ಎಂಜಿನ್ನಿಗೆ ಹೆಚ್ಚು ಗಾಳಿ ತುಂಬಿ ಶಕ್ತಿ ಏರಿಸುವ ಟರ್ಬೊ ಹಾಕಲಿಲ್ಲ. ಮ್ಯಾನುಯಲ್ ಗೇರನ್ನೂ ಉಳಿಸಿಕೊಂಡರು.