ಕುಷ್ಟಗಿಯ ಡಾಕ್ಟರ್ ಮಾವ

ನನ್ನ ತಾಯಿಯ ಅಣ್ಣ ಕುಷ್ಟಗಿಯಲ್ಲಿ ಮೂರು ದಶಕಗಳಿಗೂ ಹೆಚ್ಚು ಕಾಲ ವೈದ್ಯರಾಗಿದ್ದರು. 1961ರಲ್ಲಿ ಆರಂಭವಾದ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಆ ದಶಕದಲ್ಲೇ ಓದಿ ಮುಗಿಸಿದ ಅವರು, ಆಗ ಇನ್ನೂ ರಾಯಚೂರು ಜಿಲ್ಲೆಗೆ ಸೇರಿದ್ದ ಈ ಒಣಭೂಮಿಯ ಊರಿಗೆ ಬಂದು, ಮನೆಯ ಮುಂದಿನ ಕೋಣೆಯಲ್ಲೇ ದವಾಖಾನೆ ತೆರೆದರು. ಬಾಗಿಲಿನ ಪರದೆ ಸರಿಸಿದರೆ ಪಡಸಾಲೆ, ಅದನ್ನು ದಾಟಿದರೆ ಅಡುಗೆಮನೆ.

ಕಳೆದ ವರ್ಷ ಅವರು ತೀರಿಕೊಂಡಾಗ ಊರವರು ಏರ್ಪಡಿಸಿದ್ದ ನುಡಿನಮನದಲ್ಲಿ ಮಾತನಾಡಿದವರೆಲ್ಲರೂ, ರೋಗಿಗಳ ಸೇವೆಯಲ್ಲಿ ಅವರು ಹೆಂಡತಿ ಮಕ್ಕಳನ್ನೇ ಮರೆತಿದ್ದರು ಎಂದು ಹೊಗಳಿದರು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಅತ್ತೆ ನನ್ನ ಕಡೆ ಬಾಗಿ, "ಯಾರ ಬಗ್ಗೆ ಹೇಳಾಕತ್ತಾರವ್ವ ಇವರು?" ಎಂದು ಕೇಳಿದರು. ಹೊಗಳುವವರ ಪ್ರೀತಿಯಲ್ಲಿ ನನಗೆ ಅನುಮಾನವಿಲ್ಲ. ಆದರೆ ಒಬ್ಬ ವೈದ್ಯನನ್ನು ದೊಡ್ಡವನನ್ನಾಗಿಸಲು ಅವನ ಮನೆಯವರನ್ನು ಅನಾಥರನ್ನಾಗಿ ಮಾಡಲೇಬೇಕೆಂಬ ನಮ್ಮ ರೂಢಿ ಮಾವನಿಗೆ ಸ್ವಲ್ಪವೂ ಒಪ್ಪುವಂಥದ್ದಾಗಿರಲಿಲ್ಲ.

ಅತ್ತೆ ಪಕ್ಕದ ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿಯಾಗಿದ್ದರು. ಬೆಳಗಿನ ಬಸ್ಸಿಗೆ ಅವರು ಹೊರಟ ಮೇಲೆ ಮಕ್ಕಳಿಗೆ ರೊಟ್ಟಿ ಕಟ್ಟಿಕೊಟ್ಟು ಶಾಲೆಗೆ ಕಳಿಸುವ ಕೆಲಸ ಮಾವನದು. ಹೊರಗೆ ಕಟ್ಟೆಯ ಮೇಲೆ ಜನ ಕಾಯುತ್ತಿದ್ದರೆ ಪರದೆ ಸರಿಸಿ, "ಮಗಳಿಗೆ ಹೆರಳು ಹಾಕಿ ಬರ್ತೀನಿ, ಕುಂದರ್ರಿ" ಎನ್ನುತ್ತಿದ್ದರು. ಹೆಂಗಸರು ಮುಸಿಮುಸಿ ನಗುತ್ತಿದ್ದರು. ಎದೆನೋವೋ ಹಾವು ಕಡಿತವೋ ಬಂದರೆ ಹೆರಳು ಅರ್ಧಕ್ಕೆ ನಿಲ್ಲುತ್ತಿತ್ತು, ಅದು ಬೇರೆ ಮಾತು. ಕೊಪ್ಪಳದ ಗವಿಮಠದ ತೇರಿನ ದಿನ ಮಾತ್ರ ದವಾಖಾನೆಗೆ ಕಡ್ಡಾಯವಾಗಿ ರಜೆ. ಅದನ್ನು ವಾರದ ಮೊದಲೇ ಬಾಗಿಲಿಗೆ ಬರೆದು ಅಂಟಿಸಿ, ಮನೆಮಂದಿಯನ್ನೆಲ್ಲ ಕರೆದುಕೊಂಡು ಜಾತ್ರೆಗೆ ಹೋಗುತ್ತಿದ್ದರು.

ಅವರೊಂದಿಗೆ ಕಳೆದ ದಿನಗಳಲ್ಲಿ ಬೇಸಿಗೆ ರಜೆಯ ಒಂದು ದಿನ ನನಗೆ ಇಂದಿಗೂ ನಿಚ್ಚಳವಾಗಿ ನೆನಪಿದೆ. 1980ರ ದಶಕದ ನಡುವಿನ ಮಾತು, ನಾನಾಗ ಹೈಸ್ಕೂಲಿನಲ್ಲಿದ್ದೆ. ಹನುಮಸಾಗರದ ಕಡೆಯ ಒಂದು ಹಳ್ಳಿಯಿಂದ ಕರೆ ಬಂದಿತ್ತು. ಮಗನನ್ನು ರಾಜದೂತ್ ಗಾಡಿಯ ಟಾಕಿಯ ಮೇಲೆ, ನನ್ನನ್ನು ಹಿಂದೆ ಕೂರಿಸಿಕೊಂಡು ಹೊರಟರು. ರೋಗಿ ಒಬ್ಬ ರೈತ. ಅವನ ಹಿಮ್ಮಡಿಯ ಮೇಲೆ ನಾರುಹುಣ್ಣು, ಅಂದರೆ ನಾರಿನಂಥ ಉದ್ದನೆಯ ಹುಳು ಮೈಯೊಳಗಿಂದ ಹೊರಬರುವ ಹುಣ್ಣು. ಹಿಂದಿನ ದಿನ ಯಾರೋ ನಾರನ್ನು ಒಮ್ಮೆಲೇ ಜಗ್ಗಿ, ಅದು ಒಳಗೇ ತುಂಡಾಗಿ, ಕಾಲು ಮೊಣಕಾಲಿನವರೆಗೆ ಬಾತು ಕೆಂಪಾಗಿತ್ತು. ಮಾವ ಹುಣ್ಣು ತೊಳೆದು, ಪಟ್ಟಿ ಕಟ್ಟಿ, ಧನುರ್ವಾಯುವಿನ ಸೂಜಿ ಮಾಡಿ, ಗುಳಿಗೆ ಕೊಟ್ಟರು. ಅದೇ ಓಣಿಯಲ್ಲಿ ಇನ್ನೊಬ್ಬನಿಗೆ ನಾರು ಆಗಷ್ಟೇ ತಲೆ ಹಾಕಿತ್ತು. ಅದನ್ನು ಸಣ್ಣ ಕಡ್ಡಿಗೆ ಸುತ್ತಿ, ದಿನಕ್ಕೆ ಸ್ವಲ್ಪ ಸ್ವಲ್ಪವೇ ಎಳೆಯಬೇಕೆಂದು ಅವನ ಹೆಂಡತಿಯ ಕೈಯಿಂದಲೇ ಮಾಡಿಸಿ ತೋರಿಸಿದರು. ಒಂದು ಮೀಟರಿನವರೆಗೂ ಬೆಳೆಯುವ ಆ ಹುಳುವನ್ನು ಕೊಲ್ಲುವ ಔಷಧ ಆಗಲೂ ಇರಲಿಲ್ಲ, ಈಗಲೂ ಇಲ್ಲ, ತಾಳ್ಮೆಯೇ ಚಿಕಿತ್ಸೆ.

ಇಷ್ಟಾದ ಮೇಲೆ ಹೊರಡುತ್ತಾರೆಂದುಕೊಂಡರೆ, "ನೀವು ಯಾವ ಬಾವಿ ನೀರು ಕುಡೀತೀರಿ? ತೋರಸ್ರಿ" ಎಂದರು. ಊರಾಚೆ ಮೆಟ್ಟಿಲು ಬಾವಿ. ಹೆಂಗಸರು ಕೊಡ ತುಂಬಲು ನೀರಿನವರೆಗೂ ಇಳಿದು, ಕಾಲು ಅದ್ದಿ ನಿಂತಿದ್ದರು. ಮಾವ ಗಾಜಿನ ಲೋಟದಲ್ಲಿ ನೀರು ತರಿಸಿ ಬಿಸಿಲಿಗೆ ಹಿಡಿದರು. ಬಿಳಿಯ ಚುಕ್ಕೆಗಳು ಅತ್ತಿತ್ತ ಜಿಗಿಯುತ್ತಿದ್ದವು. ಹುಣ್ಣಿನ ಕಾಲು ನೀರಿಗಿಳಿದರೆ ನಾರು ಸಾವಿರಾರು ಮರಿಗಳನ್ನು ಬಿಡುತ್ತದೆ, ಆ ಮರಿಗಳನ್ನು ಈ ನೀರುಹುಳು ತಿನ್ನುತ್ತದೆ, ನೀರಿನ ಜೊತೆ ಹುಳುವನ್ನು ನಾವು ಕುಡಿಯುತ್ತೇವೆ, ಒಂದು ವರ್ಷದ ಮೇಲೆ ನಾರು ನಮ್ಮ ಕಾಲಿನಿಂದ ಹೊರಬರುತ್ತದೆ ಎಂದು ವಿವರಿಸಿದರು. ಕಟ್ಟೆಯ ಮೇಲಿದ್ದ ಮುದುಕರೊಬ್ಬರು, "ನಮ್ಮಜ್ಜನ ಕಾಲದಿಂದ ಇದ ನೀರು ಕುಡದೀವಿ ಸಾಹೇಬ್ರ" ಎಂದು ತಕರಾರು ತೆಗೆದರು. "ನಿಮ್ಮಜ್ಜಗ ನಾರುಹುಣ್ಣು ಆಗಿತ್ತಿಲ್ರಿ?" ಎಂದು ಮಾವ ಕೇಳಿದರು. ಆಗಿದ್ದದ್ದು ನಿಜವಾದ್ದರಿಂದ ಮುದುಕರೇ ಮೊದಲು ನಕ್ಕರು.

ಚೀಲದಿಂದ ಅತ್ತೆಯ ಹಳೆಯ ನೂಲಿನ ಸೀರೆಯ ತುಂಡು ತೆಗೆದು, ಎರಡು ಪದರು ಮಡಚಿ ಕೊಡದ ಬಾಯಿಗೆ ಕಟ್ಟಿ ನೀರು ಸೋಸಿದರು. ಸೋಸಿದ ನೀರಿನ ಲೋಟದಲ್ಲಿ ಒಂದು ಚುಕ್ಕೆಯೂ ಇರಲಿಲ್ಲ. ಗಂಡಸರು ಇನ್ನೂ ಚರ್ಚೆ ಮಾಡುತ್ತಿರುವಾಗಲೇ ಇಬ್ಬರು ಹೆಂಗಸರು ಮನೆಗೆ ಹೋಗಿ ಬಟ್ಟೆ ತಂದರು. ಆ ತುಂಡುಗಳಿಗಾಗಿ ಅತ್ತೆಯ ಎಷ್ಟೋ ಸೀರೆಗಳು ಹರಿದವು. ಹರಿದು, ಅಂಚು ಹೊಲಿದು ಚೀಲಕ್ಕೆ ಹಾಕುತ್ತಿದ್ದವರು ಅತ್ತೆಯೇ. ವೇದಿಕೆಯ ಮೇಲೆ ಮಾತನಾಡಿದವರಿಗೆ ಇದು ತಿಳಿದಿರಲಿಕ್ಕಿಲ್ಲ.

ಮಾವ ಎಲ್ಲರಿಗೂ ಇಷ್ಟವಾಗಿದ್ದರೆಂದು ಹೇಳಿದರೆ ಸುಳ್ಳಾಗುತ್ತದೆ. ಸಾಧಾರಣ ಜ್ವರಕ್ಕೂ "ಸೂಜಿ ಮಾಡ್ರಿ, ಬಾಟ್ಲಿ ಏರಸ್ರಿ" ಎಂದು ಹಟ ಹಿಡಿದು ಬಂದವರನ್ನು ಬೈದು ಕಳಿಸುತ್ತಿದ್ದರು. ವಾಂತಿಭೇದಿಯ ಕೂಸನ್ನು ಎತ್ತಿಕೊಂಡು ಬಂದ ತಾಯಿಗೆ, ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಎಂದು ಹೇಳಿಕೊಡುವುದಲ್ಲದೆ, ಆಕೆಯಿಂದ ಅದನ್ನು ಮತ್ತೆ ಹೇಳಿಸುತ್ತಿದ್ದರು. ಇದೇನು ಸಾಲಿಯೋ ದವಾಖಾನಿಯೋ ಎಂದು ಗೊಣಗಿ ಬೇರೆಡೆಗೆ ಹೋದವರು ಬಹಳ ಮಂದಿ.

1983ರಲ್ಲಿ ಶುರುವಾದ ರಾಷ್ಟ್ರೀಯ ನಾರುಹುಣ್ಣು ನಿರ್ಮೂಲನಾ ಕಾರ್ಯಕ್ರಮದ ಫಲವಾಗಿ ಬಾವಿಗಳಿಗೆ ನೀರುಹುಳು ಕೊಲ್ಲುವ ಔಷಧ ಬಿತ್ತು, ಹಳ್ಳಿಗಳಿಗೆ ಕೊಳವೆಬಾವಿಯ ಕೈಪಂಪುಗಳು ಬಂದವು. ದೇಶದ ಕೊನೆಯ ಪ್ರಕರಣ 1996ರಲ್ಲಿ ರಾಜಸ್ಥಾನದಲ್ಲಿ ವರದಿಯಾಯಿತು. 2000ದ ಫೆಬ್ರುವರಿಯಲ್ಲಿ ಭಾರತ ಈ ರೋಗದಿಂದ ಮುಕ್ತವಾಗಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣೀಕರಿಸಿತು. ಆ ಹೊತ್ತಿಗೆ ಕುಷ್ಟಗಿ ಕೊಪ್ಪಳ ಜಿಲ್ಲೆಗೆ ಸೇರಿತ್ತು, ಮಾವನ ಮಗಳು ಬಳ್ಳಾರಿಯ ಅದೇ ಕಾಲೇಜಿನಲ್ಲಿ ಓದುತ್ತಿದ್ದಳು. ಸುದ್ದಿ ಓದಿದ ಮಾವ ಅವಳ ಹಾಸ್ಟೆಲಿಗೆ ಪತ್ರ ಬರೆದರು. ನಾರುಹುಣ್ಣಿನ ರೋಗಿಯನ್ನು ನೀನು ಇನ್ನು ನೋಡಲಾರೆ, ಆದರೂ ಪರೀಕ್ಷೆಯಲ್ಲಿ ಕೇಳಿಯೇ ಕೇಳುತ್ತಾರೆ, ಓದಿಕೋ ಎಂದಿತ್ತು ಅದರಲ್ಲಿ. ಕೇಳಿದರಂತೆ, ಅವಳು ಉತ್ತರ ಪತ್ರಿಕೆಯಲ್ಲಿ ಸೀರೆಯ ತುಂಡಿನ ಚಿತ್ರವನ್ನೂ ಬರೆದು ಬಂದಳಂತೆ.