ನನ್ ಮುಖ ಎಲ್ಲಿ ಹಾಕಿದ್ಯೋ ತಮ್ಮಾ

ಬುಧವಾರ ಮಧ್ಯಾಹ್ನದಿಂದ ಆ ಮಾತು ಕಿವಿ ಬಿಟ್ಟು ಹೋಗಿಲ್ಲ. ಜೆರಾಕ್ಸ್ ಮೆಷಿನ್ ಸದ್ದಿನಲ್ಲೂ ಕೇಳಿಸುತ್ತದೆ. ಊಟಕ್ಕೆ ಕೂತರೂ ಕೇಳಿಸುತ್ತದೆ.

"ನನ್ ಮುಖ ಎಲ್ಲಿ ಹಾಕಿದ್ಯೋ ತಮ್ಮಾ?"

ಸಿಟ್ಟಿನಿಂದ ಬೈದಿದ್ದರೆ ಎರಡು ದಿನಕ್ಕೆ ಮರೆಯುತ್ತಿದ್ದೆ. ಕನ್ನಡಕ ಎಲ್ಲಿಟ್ಟೆ ಅಂತ ಮನೆಯವರನ್ನು ಕೇಳುವ ಹಾಗೆ ಕೇಳಿದರು ಆ ಅಜ್ಜ.

ನನ್ನದು ದಾವಣಗೆರೆ ಪಿ.ಬಿ. ರಸ್ತೆಯ ಪಕ್ಕದ ಸಂದಿಯಲ್ಲಿ ಸಣ್ಣ ಅಂಗಡಿ. ಜೆರಾಕ್ಸ್, ಡಿಟಿಪಿ, ಫ್ಲೆಕ್ಸ್ ಡಿಸೈನ್. ಸೋಮವಾರ ಬೆಳಗ್ಗೆ ಒಬ್ಬರು ಮೂವರು ಹುಡುಗರನ್ನು ಕರೆದುಕೊಂಡು ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೆತ್ತನೆ ಮಾತು. ಡೊಳ್ಳು ಮೇಳದ್ದೊಂದು ಪುಸ್ತಕ ಮಾಡಬೇಕಿತ್ತು. ಹನ್ನೆರಡು ಕಲಾವಿದರು, ಒಬ್ಬೊಬ್ಬರಿಗೆ ಒಂದೊಂದು ಪುಟ. ಫೋಟೋ, ಹೆಸರು, ಎಷ್ಟು ವರ್ಷದ ಅನುಭವ, ಎಲ್ಲೆಲ್ಲಿ ಕಾರ್ಯಕ್ರಮ. ಅಮೆರಿಕದಲ್ಲಿ ಯಾವುದೋ ಹಬ್ಬದ ಕಾರ್ಯಕ್ರಮ ಇದೆಯಂತೆ. ಒಂಬತ್ತು ಜನರದ್ದು ಸರಿಯಾಗಿತ್ತು. ಉಳಿದ ಮೂರಕ್ಕೆ ಈ ಹುಡುಗರ ಮುಖ ಕೂರಿಸಬೇಕಿತ್ತು.

"ಇವ್ರ ಫೋಟೋ ಶೂಟ್ ಆಗಿಲ್ಲ. ಸುಮ್ನೆ ಅಡ್ಜಸ್ಟ್ ಮಾಡ್ರಿ" ಅಂದರು.

ನನಗೆ ಅನುಮಾನ ಬರಲಿಲ್ಲ ಅಂದರೆ ಸುಳ್ಳಾದೀತು. ಬಂತು. ಆದರೆ ಮದುವೆ ಆಲ್ಬಮ್ಮಿನಲ್ಲಿ ಇಲ್ಲದ ಮಾವನನ್ನು ತಂದು ನಿಲ್ಲಿಸಿದ್ದೇನೆ. ಸತ್ತ ಅಜ್ಜಿಯನ್ನು ಮೊಮ್ಮಗನ ನಾಮಕರಣಕ್ಕೆ ಕೂರಿಸಿದ್ದೇನೆ. ಇದೂ ಹಾಗೇ ಅಂದುಕೊಂಡೆ. ಹನ್ನೊಂದು ಗಂಟೆಗೆ ಅವರು ಹುಡುಗರಿಗೆ ಬೆಣ್ಣೆ ದೋಸೆ ಕೊಡಿಸಲು ಕರೆದುಕೊಂಡು ಹೋದರು. ಬರುವಾಗ ನನಗೂ ಒಂದು ಪಾರ್ಸೆಲ್ ತಂದರು. ಇಪ್ಪತ್ತು ವರ್ಷದ ಅಂಗಡಿಯಲ್ಲಿ ಗಿರಾಕಿ ದೋಸೆ ತಂದುಕೊಟ್ಟಿದ್ದು ಅದೇ ಮೊದಲು. ಒಳ್ಳೇ ಮನುಷ್ಯ ಅಂತ ಹೆಂಡತಿಗೆ ಹೇಳಿದ್ದೆ ಕೂಡ.

ಎರಡು ಮುಖ ಸಲೀಸಾಗಿ ಕೂತವು. ಮೂರನೆಯದು ಕೂರಲಿಲ್ಲ. ಹುಡುಗ ಕೊಟ್ಟ ಮೊಬೈಲ್ ಫೋಟೋದಲ್ಲಿ ಅವನ ಮುಖ ಎಡಕ್ಕೆ ತಿರುಗಿತ್ತು, ಡೊಳ್ಳಿನವರ ಮೈ ಬಲಕ್ಕೆ. ನಾನು ಡೊಳ್ಳಿನ ಫೋಟೋವನ್ನೇ ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ತಿರುಗಿಸಿದೆ. ಕೂತಿತು. ಕುತ್ತಿಗೆಯ ಹತ್ತಿರ ಬಣ್ಣ ಸರಿ ಮಾಡಿದೆ. ಕೆಳಗೆ "15 ವರ್ಷಗಳ ಅನುಭವ" ಅಂತ ಟೈಪ್ ಮಾಡಿದೆ. ಹುಡುಗನಿಗೆ ಇಪ್ಪತ್ತೆರಡು ದಾಟಿರಲಿಕ್ಕಿಲ್ಲ.

ಬುಧವಾರ ಬಂದವರು ಆ ಅಜ್ಜ. ಬಡ ಕಲಾವಿದರಿಗೆ ಸರ್ಕಾರ ಕೊಡುವ ಮಾಸಾಶನಕ್ಕೆ ಅರ್ಜಿ ಹಾಕಲು ಜೆರಾಕ್ಸ್ ಬೇಕಿತ್ತು. ಪ್ಲಾಸ್ಟಿಕ್ ಕವರಿನಲ್ಲಿ ಮೂವತ್ತು ವರ್ಷದ ಕಾಗದಗಳು. ಜಾತ್ರೆಯ ಹ್ಯಾಂಡ್‌ಬಿಲ್, ಹಂಪಿ ಉತ್ಸವದ ಪ್ರಮಾಣ ಪತ್ರ, ದಸರಾ ಮೆರವಣಿಗೆಗೆ ಹೋದಾಗಿನ ಬ್ಯಾಡ್ಜು. ಒಂದರ ಮೂಲೆ ಇಲಿ ತಿಂದಿತ್ತು. "ಇದು ನಡೀತೈತಾ ತಮ್ಮಾ? ಹೋದ ಸಲ ಸೀಲು ಕಾಣಲ್ಲ ಅಂತ ವಾಪಸ್ ಕಳ್ಸಿದ್ರು" ಅಂದರು. ಡೊಳ್ಳು ಬಾರಿಸಿ ಬಾರಿಸಿ ಹೆಗಲು ಒಂದು ಕಡೆ ಇಳಿದಿರುವ ಮನುಷ್ಯ ತಾನು ಡೊಳ್ಳಿನವನು ಅಂತ ತೋರಿಸಲು ಮೂರನೇ ಸಲ ಅಲೆಯುತ್ತಿದ್ದರು.

ಕಂಪ್ಯೂಟರಿನಲ್ಲಿ ಆ ಪುಸ್ತಕದ ಪುಟ ತೆರೆದೇ ಇತ್ತು. ಅಜ್ಜ ಬಗ್ಗಿ ನೋಡಿದರು. ನಕ್ಕರು.

"ಇವ್ನ್ಯಾವನೋ ಎಡಚ? ಎಡಗೈಲಿ ಕೋಲು ಹಿಡ್ದಾನೆ!"

ಡೊಳ್ಳಿಗೆ ಬಲಗೈಯಲ್ಲಿ ಕೋಲು, ಎಡಕ್ಕೆ ಬರಿ ಅಂಗೈ. ಅಷ್ಟು ಜಾತ್ರೆಯಲ್ಲಿ ನೋಡಿದ್ದೇನೆ, ನನಗೆ ಹೊಳೆದೇ ಇರಲಿಲ್ಲ. ಅವರಿಗೆ ಒಂದು ಕ್ಷಣ ಸಾಕಾಯಿತು. ಆಮೇಲೆ ಇನ್ನೂ ಹತ್ತಿರ ಬಂದರು. ಬೆರಳು ತಂದು ಮಾನಿಟರಿನ ಮೇಲಿಟ್ಟರು. ಫೋಟೋದ ಕೈಯಲ್ಲಿ ಒಂದು ಬೆಳ್ಳಿ ಕಡಗ ಇತ್ತು. ಅದೇ ಕಡಗ ಆ ಬೆರಳಿನ ಹಿಂದೆ, ಮಣಿಕಟ್ಟಿನಲ್ಲೂ ಇತ್ತು.

"ನನ್ ಮುಖ ಎಲ್ಲಿ ಹಾಕಿದ್ಯೋ ತಮ್ಮಾ?"

ಏನು ಹೇಳಬೇಕು? ಟೀ ತರಿಸಿದೆ. ನಾಚಿಕೆ ಆದಾಗ ನಾವು ಟೀ ತರಿಸುತ್ತೇವೆ.

ಹೋದ ತಿಂಗಳು ಆ ಬಿಳಿ ಅಂಗಿಯವರು ಇವರ ಊರಿಗೂ ಹೋಗಿದ್ದರಂತೆ. ಮೇಳವನ್ನು ಅಮೆರಿಕಕ್ಕೆ ಕರೆದೊಯ್ಯುತ್ತೇನೆ, ಫೋಟೋ ಕೊಡಿ ಅಂದಿದ್ದರು. ಎಲ್ಲರೂ ಕೊಟ್ಟರು. ಒಂದು ವಾರ ಬಿಟ್ಟು, "ಅಜ್ಜಾರೇ, ನಿಮಗೆ ವಯಸ್ಸಾಯ್ತು, ವೀಸಾ ಸಿಗಲ್ಲ" ಅಂತ ಮೂವರು ಹಿರಿಯರನ್ನು ಬಿಟ್ಟರು. ಮನುಷ್ಯರನ್ನು ಬಿಟ್ಟರು, ಫೋಟೋ ಇಟ್ಟುಕೊಂಡರು.

ಆ ರಾತ್ರಿ ನಿದ್ದೆ ಬರಲಿಲ್ಲ. ಮೊಬೈಲ್ ಹಿಡಿದು ಓದುತ್ತಾ ಕೂತೆ. ಜನಪದ ಮೇಳದಂಥವರಿಗೆ ಅಮೆರಿಕದಲ್ಲಿ ಪಿ-3 ಅನ್ನುವ ವೀಸಾ ಇದೆ. ನಾವು ಇಲ್ಲಿಂದ ನೇರವಾಗಿ ಕೇಳುವಂಥದ್ದಲ್ಲ ಅದು. ಅಲ್ಲಿ ಕಾರ್ಯಕ್ರಮ ಮಾಡಿಸುವವರು ಮೊದಲು ಅವರ ಸರ್ಕಾರಕ್ಕೆ ಅರ್ಜಿ ಹಾಕಿ ಒಪ್ಪಿಗೆ ಪಡೆಯಬೇಕು. ಇಂಥ ಮೇಳ, ಇಂಥ ಕಲೆ ಅಂತ ದಾಖಲೆ ಕೊಡಬೇಕು. ಆ ದಾಖಲೆಯನ್ನೇ ನಾನು ದೋಸೆ ತಿಂದುಕೊಂಡು ಮಾಡಿದ್ದು. ಆಮೇಲೆ ಕಾನ್ಸುಲೇಟಿನಲ್ಲಿ ಸಂದರ್ಶನ. ಸುಳ್ಳು ಹೇಳಿ ವೀಸಾ ಕೇಳಿದ್ದು ಗೊತ್ತಾದರೆ ಆ ಒಂದು ಅರ್ಜಿ ತಿರಸ್ಕಾರ ಆಗುವುದಷ್ಟೇ ಅಲ್ಲ. ಜೀವಮಾನವಿಡೀ ಆ ದೇಶದ ಬಾಗಿಲು ಮುಚ್ಚಬಹುದು.

ಪಂಜಾಬಿನಲ್ಲಿ ಇದಕ್ಕೊಂದು ಹೆಸರೇ ಇದೆ. ಕಬೂತರ್‌ಬಾಜಿ. ಪಾರಿವಾಳ ಹಾರಿಸುವ ಆಟ. ಮೇಳದ ಜೊತೆ ಕಲಾವಿದರಲ್ಲದವರನ್ನು ಸೇರಿಸಿ ಹಾರಿಸುವುದು, ವಾಪಸ್ ಬರುವಾಗ ಅವರು ಇರುವುದಿಲ್ಲ. ಗಾಯಕ ದಲೇರ್ ಮೆಹಂದಿ ಮತ್ತು ಅವರ ಅಣ್ಣನ ಮೇಲೆ 2003ರಲ್ಲಿ ಪಟಿಯಾಲ ಪೊಲೀಸರು ಹಾಕಿದ್ದು ಇಂಥದ್ದೇ ಕೇಸು. 1998 ಮತ್ತು 1999ರಲ್ಲಿ ಅಮೆರಿಕಕ್ಕೆ ಹೋದ ತಂಡದ ನೆಪದಲ್ಲಿ ಜನರನ್ನು ಅಲ್ಲೇ ಬಿಟ್ಟು ಬಂದರು ಅನ್ನುವುದು ಆರೋಪ. 2018ರಲ್ಲಿ 2 ವರ್ಷ ಶಿಕ್ಷೆ ಆಯಿತು. 2022ರಲ್ಲಿ ಮೇಲಿನ ಕೋರ್ಟೂ ಅದನ್ನೇ ಎತ್ತಿಹಿಡಿದು ಅವರನ್ನು ಜೈಲಿಗೆ ಕಳಿಸಿತು. ಅದೇ ವರ್ಷ ಹೈಕೋರ್ಟು ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಒಂದು ಕಾಲಕ್ಕೆ ನಮ್ಮ ಗಣಪತಿ ಪೆಂಡಾಲುಗಳಲ್ಲೂ ಅವರ ಹಾಡಿಗೆ ಕುಣಿಯದ ಹುಡುಗರಿರಲಿಲ್ಲ. ನಾನೂ ಕುಣಿದಿದ್ದೆ.

ನಮ್ಮ ಕಡೆ ಹಗಲುವೇಷದವರು ಬರುತ್ತಾರಲ್ಲ. ಪೊಲೀಸ್ ವೇಷ ಹಾಕಿಕೊಂಡು ಬಂದು ಅಂಗಡಿಯವರನ್ನು ಗದರಿಸುತ್ತಾರೆ. ಆದರೆ ಹೋಗುವ ಮುಂಚೆ ನಾವು ವೇಷಗಾರರು ಅಂತ ಹೇಳಿ, ಕೈ ಮುಗಿದು ಕಾಸು ಕೇಳುತ್ತಾರೆ. ಬಿಳಿ ಅಂಗಿಯವರದ್ದು ಯಾವ ವೇಷವೋ, ಕಳಚುವುದೇ ಇಲ್ಲ.

ಗುರುವಾರ ಬೆಳಗ್ಗೆ ಎಡಚ ಹುಡುಗನಿಗೆ ಫೋನ್ ಮಾಡಿದೆ. ಈಗ ನನ್ನ ಬಾಯಲ್ಲೂ ಅವನು ಎಡಚನೇ. ಜಗಳೂರು ಕಡೆಯ ಹುಡುಗ, ಜೆಸಿಬಿ ಓಡಿಸುತ್ತಾನೆ. ಆರು ಲಕ್ಷಕ್ಕೆ ಮಾತಾಗಿ ಎರಡು ಲಕ್ಷ ಕೊಟ್ಟಾಗಿದೆ. ಅಪ್ಪ ಮೆಕ್ಕೆಜೋಳ ಮಾರಿದ ದುಡ್ಡು ಸ್ವಲ್ಪ, ಸಾಲ ಜಾಸ್ತಿ. ಕಾರ್ಯಕ್ರಮ ಮುಗಿದ ಮೇಲೆ ಯಾರೋ ಬಂದು ಕರೆದುಕೊಂಡು ಹೋಗಿ ಪೆಟ್ರೋಲ್ ಬಂಕಿನಲ್ಲಿ ಕೆಲಸಕ್ಕೆ ಹಾಕುತ್ತಾರಂತೆ. ಹೊರದೇಶದ ಕೆಲಸಕ್ಕೆ ಕಳಿಸುವವರಿಗೆ ಕೇಂದ್ರ ಸರ್ಕಾರದ ನೋಂದಣಿ ಇರಬೇಕು, ಅವರು 30 ಸಾವಿರ ಮತ್ತು ಅದರ ಜಿಎಸ್‌ಟಿಗಿಂತ ಜಾಸ್ತಿ ಶುಲ್ಕ ತಗೊಳ್ಳುವಂತಿಲ್ಲ ಅಂದೆ.

"ಅದು ಕೆಲ್ಸದ ವೀಸಾಕ್ಕಂತೆ ಅಣ್ಣಾ. ನಮ್ದು ಕಲಾವಿದರದ್ದು. ಸರ್ ಹೇಳ್ಯಾರೆ."

"ಸಂದರ್ಶನದಲ್ಲಿ ಬಾರಿಸಿ ತೋರ್ಸು ಅಂದ್ರೆ ಏನ್ಮಾಡ್ತೀಯಾ?"

"ಕಲೀತೀನಿ. ಇನ್ನಾ ಎರಡು ತಿಂಗ್ಳು ಐತೆ."

ಇದನ್ನು ಅಜ್ಜನಿಗೆ ಹೇಳಿದೆ. "ಎರಡು ತಿಂಗ್ಳಿಗೆ ಹೆಗಲಿನ ಬಾವೂ ಇಳಿಯಲ್ಲ" ಅಂದರು.

ಅಜ್ಜ ಅವತ್ತು ಮತ್ತೆ ಬಂದಿದ್ದು ಫೋಟೋಕ್ಕೆ. ಮಾಸಾಶನದ ಅರ್ಜಿಗೆ ವೇಷ ಹಾಕಿ ಬಾರಿಸುತ್ತಿರುವ ಫೋಟೋ ಬೇಕಾಗಿತ್ತು. ಅವರ ಹತ್ತಿರ ಇದ್ದ ಒಳ್ಳೇ ಫೋಟೋ ಅದೊಂದೇ. ನಾನು ಅದನ್ನು ತಿರುಗಿಸಿ ಹುಡುಗನ ಮುಖ ಕೂರಿಸಿದ್ದು ಸಾಲದು ಅಂತ ಅದೇ ಹೆಸರಿನಲ್ಲಿ ಸೇವ್ ಮಾಡಿದ್ದೆ. ಅಜ್ಜನ ಮುಖ ನಿಜಕ್ಕೂ ಎಲ್ಲೂ ಇರಲಿಲ್ಲ. ಅವರು ಸ್ಟೂಲಿನ ಮೇಲೆ ಕೂತರು. ಕರೆಂಟ್ ಬೇರೆ ಒಂದು ಸಲ ಹೋಗಿ ಬಂತು. ಇಪ್ಪತ್ತು ನಿಮಿಷ ಹುಡುಕಿದೆ. ಕೊನೆಗೆ ವಾಟ್ಸಾಪಿನಲ್ಲಿ ಬಂದ ಫೈಲುಗಳ ಮಧ್ಯೆ, ಯಾರದ್ದೋ ಗೃಹಪ್ರವೇಶದ ಕಾರ್ಡಿನ ಕೆಳಗೆ ಸಿಕ್ಕಿತು. ಬಲಗೈಯಲ್ಲಿ ಕೋಲು. ಬಾಯಿ ತೆರೆದು ಕೂಗುತ್ತಿರುವ ಅಜ್ಜ. ಈಗಿನದಕ್ಕಿಂತ ಮೀಸೆ ಕಪ್ಪು.

"ಎರಡು ತೆಗಿ" ಅಂದರು. "ಒಂದು ಆಫೀಸಿಗೆ. ಒಂದು ಮನೇಲಿರ್ಲಿ."

ದುಡ್ಡು ಬೇಡ ಅಂದೆ. ಕೇಳಲಿಲ್ಲ. ಲೆಕ್ಕ ಹಾಕಿ ಚಿಲ್ಲರೆ ಸಮೇತ ಇಟ್ಟು ಹೋದರು.

ಬಿಳಿ ಅಂಗಿಯವರು ಶುಕ್ರವಾರ ಪುಸ್ತಕ ಕೇಳಲು ಬಂದರು. ನಾನೇನೂ ಶೂರತನ ಮಾಡಲಿಲ್ಲ. ಹಾರ್ಡ್ ಡಿಸ್ಕ್ ಹೋಯಿತು, ಎಲ್ಲಾ ಅಳಿಸಿ ಹೋಯಿತು ಅಂದೆ. ಮುಂಗಡದ ಸಾವಿರದ ಐನೂರು ವಾಪಸ್ ಕೊಟ್ಟೆ. ಅವರಿಗೆ ಸ್ವಲ್ಪವೂ ಬೇಸರ ಆಗಲಿಲ್ಲ. "ಪರವಾಗಿಲ್ಲ ಬಿಡ್ರಿ, ಚಿತ್ರದುರ್ಗದಾಗೆ ನಮ್ಮವ್ರೊಬ್ರು ಅದಾರೆ, ಅಲ್ಲಿ ಮಾಡಿಸ್ತೀನಿ" ಅಂತ ನಗುತ್ತಲೇ ಹೋದರು. ಪೊಲೀಸರಿಗೆ ಹೇಳು ಅಂತ ಹೆಂಡತಿ ಮೂರು ದಿನದಿಂದ ಹೇಳುತ್ತಿದ್ದಾಳೆ. ಮೊದಲು ನನ್ನನ್ನೇ ಕೇಳುತ್ತಾರೆ, ಮುಖ ಅಂಟಿಸಿದ್ದು ಯಾರು ಅಂತ. ಸೋಮವಾರ ಪರಿಚಯದ ವಕೀಲರೊಬ್ಬರನ್ನು ಕೇಳಬೇಕು ಅಂದುಕೊಂಡಿದ್ದೇನೆ.

ಇವತ್ತು ಬೆಳಗ್ಗೆ ಹುಡುಗನ ಫೋನ್ ಬಂತು. ಮನಸ್ಸು ಬದಲಾಯಿಸಿರಬೇಕು ಅಂತ ಖುಷಿಯಿಂದ ಎತ್ತಿದೆ.

"ಅಣ್ಣಾ, ನಂದು ಡೊಳ್ಳಿಂದು ಫೋಟೋ ಇತ್ತಲ್ಲ, ಅದೊಂದು ವಾಟ್ಸಾಪ್ ಮಾಡ್ರಿ. ಸುಮ್ನೆ. ನಮ್ಮವ್ವಂಗೆ ತೋರಿಸ್ಬೇಕು."

ನೋಡ್ತೀನಿ ಅಂದೆ. ಇನ್ನೂ ಕಳಿಸಿಲ್ಲ.