ಹೌದು, ಅದೇ ಸ್ಟೇಷನ್. ಇಲ್ಲ, ನಾನು ಧರ್ಮ ಬದಲಿಸಿಲ್ಲ

ನನ್ನ ಕಾರಿನಲ್ಲಿ ಕುಳಿತವರು ಎರಡನೆಯ ಹಾಡು ಮುಗಿಯುವುದರೊಳಗೆ ಕೇಳುವ ಪ್ರಶ್ನೆಗೆ ವರ್ಷಗಟ್ಟಲೆ ಬಾಯಿಮಾತಿನಲ್ಲಿ ಉತ್ತರಿಸಿ ಸಾಕಾಗಿದೆ. ‘ಏನ್ರೀ, ನೀವೂ ಆ ಕಡೆ ಹೋಗಿಬಿಟ್ರಾ?’ ಎಂಬುದು ಆ ಪ್ರಶ್ನೆ; ಕ್ರೈಸ್ತರಾಗಿಬಿಟ್ಟಿರಾ ಎಂದು ಅದರ ಅರ್ಥ. ಅಮೆರಿಕದ ಎಎಂ, ಅಂದರೆ ಮಧ್ಯಮ ತರಂಗದ ರೇಡಿಯೋ ಡಯಲು 530ರಿಂದ 1700 ಕಿಲೋಹರ್ಟ್ಸ್‌ವರೆಗೆ ಹರಡಿದೆ; ನಾನು ಕಾರಿನಲ್ಲಿ ಕೇಳುವ ಶಿಕಾಗೋದ ಕ್ರೈಸ್ತ ಸ್ಟೇಷನ್ನು 1110ರಲ್ಲಿ, ಅಂದರೆ ಹೆಚ್ಚುಕಡಿಮೆ ನಟ್ಟನಡುವೆ ಇದೆ. ಆ ಕಡೆಯೂ ಅಲ್ಲ, ಈ ಕಡೆಯೂ ಅಲ್ಲ.

ನನ್ನನ್ನು ಕೆರಳಿಸುವುದು ಪ್ರಶ್ನೆಗಿಂತ ಹೆಚ್ಚಾಗಿ ಆ ‘ನೀವೂ’ ಎಂಬುದರ ದೀರ್ಘ. ಈಗಾಗಲೇ ಹೋದವರ ಪಟ್ಟಿಯೊಂದು ಕೇಳುವವರ ಜೇಬಿನಲ್ಲಿದ್ದು, ಅದರ ಕೊನೆಯ ಸಾಲಿನಲ್ಲಿ ನನ್ನ ಹೆಸರನ್ನು ಬರೆಯಲು ಪೆನ್ನು ತೆಗೆದಂತಿರುತ್ತದೆ. ಭೀಮಸೇನ ಜೋಶಿಯವರ ದಾಸವಾಣಿಯನ್ನು ಹಚ್ಚಿಕೊಂಡು ಬರುವ ಗೆಳೆಯರನ್ನು ‘ಆಸ್ತಿಯನ್ನೆಲ್ಲ ದಾನ ಮಾಡಿ ತಂಬೂರಿ ಹಿಡಿದಿರಾ?’ ಎಂದು ನಾನು ಒಮ್ಮೆಯೂ ಕೇಳಿಲ್ಲ.

ಡಬ್ಲ್ಯುಎಂಬಿಐ ಎಂಬ ಈ ಸ್ಟೇಷನ್ನನ್ನು ಕ್ರೈಸ್ತ ಶಿಕ್ಷಣ ಸಂಸ್ಥೆಯಾದ ಮೂಡಿ ಬೈಬಲ್ ಇನ್‌ಸ್ಟಿಟ್ಯೂಟ್ 1926ರಲ್ಲಿ ಆರಂಭಿಸಿತು. ಮುಂದೆ ಕ್ರೈಸ್ತ ಪ್ರವಚನಕಾರ ಬಿಲ್ಲಿ ಗ್ರಹಾಮರ ಸಭೆಗಳಲ್ಲಿ ಹಾಡಿ ಹೆಸರಾದ ಜಾರ್ಜ್ ಬೆವರ್ಲಿ ಶೇ ಮೊದಲು ಇಲ್ಲಿ ಉದ್ಘೋಷಕರಾಗಿದ್ದರು. ಪ್ರವಚನ ಆರಂಭವಾದೊಡನೆ ನಾನು ದನಿ ತಗ್ಗಿಸುತ್ತೇನೆ ಎಂಬುದನ್ನು ಇಲ್ಲಿಯೇ ಒಪ್ಪಿಕೊಳ್ಳುವೆ. ನನಗೆ ಬೇಕಾದದ್ದು ಹಾಡು, ಅದೂ ಎಎಂನಲ್ಲಿ ಕೇಳುವ ಹಾಡು. ಎಎಂ ಸ್ಟೇಷನ್ನುಗಳಿಗೆ ಸಿಗುವ ಜಾಗ ಇಕ್ಕಟ್ಟಿನದು. ಒಂದರಿಂದ ಇನ್ನೊಂದಕ್ಕೆ ಅಮೆರಿಕದಲ್ಲಿ 10 ಕಿಲೋಹರ್ಟ್ಸ್, ನಮ್ಮಲ್ಲಿ 9 ಕಿಲೋಹರ್ಟ್ಸ್ ಅಂತರ. ಆ ಇಕ್ಕಟ್ಟಿನಲ್ಲಿ ವಾದ್ಯಗಳ ಮಿರುಗು ಉದುರಿಹೋಗಿ, ಮನುಷ್ಯನ ಕಂಠ ಮಾತ್ರ ಹತ್ತಿರದಲ್ಲೇ ಉಳಿಯುತ್ತದೆ. ಧಾರವಾಡದ ನಮ್ಮ ಮನೆಯ ರೇಡಿಯೋದಲ್ಲಿ, 765 ಕಿಲೋಹರ್ಟ್ಸ್‌ನ ಆಕಾಶವಾಣಿಯಿಂದ ಬರುತ್ತಿದ್ದ ವಚನಗಳಿಗೂ ಇದೇ ದನಿಯಿತ್ತು. ನಾಲ್ಕು ದನಿಗಳ ಮೇಳವೊಂದು ಅವಸರವಿಲ್ಲದೆ ಹಾಡುವ ಪ್ರಾರ್ಥನೆಯನ್ನು ಹೆದ್ದಾರಿಯ ದಟ್ಟಣೆಯಲ್ಲಿ ಸಿಕ್ಕಿಕೊಂಡವನು ಕೇಳಿ ಸಮಾಧಾನಪಟ್ಟರೆ, ಅದಕ್ಕೆ ದೀಕ್ಷೆ ಬೇಕಿಲ್ಲ.

ಒಂದು ಡಿಸೆಂಬರಿನಲ್ಲಿ, ಊರಿನಿಂದ ಬಂದಿದ್ದ ಗೆಳೆಯನ ತಾಯಿಯನ್ನು ಶಿಕಾಗೋ ಬಳಿಯ ಅರೋರಾದ ಬಾಲಾಜಿ ಗುಡಿಗೆ ಕರೆದೊಯ್ದಿದ್ದೆ. ಹೋಗುವಾಗ ಅವರೂ ಎಲ್ಲರಂತೆಯೇ ಕೇಳಿದರು: ‘ಯಾಕೋ ತಮ್ಮಾ, ಇವು ಮಿಶನ್ ಸಾಲಿ ಹಾಡಲ್ಲೇನು? ನಿಮ್ಮವ್ವಗ ಇದು ಗೊತ್ತೈತೇನು?’ ನಾನು ಮಾತು ಮರೆಸಿದೆ. ಮರಳುವಾಗ ಸಂಜೆ ನಾಲ್ಕೂಕಾಲು ದಾಟಿ ಸೂರ್ಯ ಮುಳುಗುವುದರಲ್ಲಿತ್ತು. ಹಾಡು ನಿಂತಿತು, ಕರಕರ ಸದ್ದು ಮಾತ್ರ ಉಳಿಯಿತು. ಅಷ್ಟು ಹೊತ್ತು ಆ ಹಾಡುಗಳನ್ನು ಕೇಳಿಯೂ ಕೇಳದಂತೆ ಕುಳಿತಿದ್ದ ಅವರು ಥಟ್ಟನೆ, ‘ಯಾಕ ನಿಂತಿತು? ಕರೆಂಟ್ ಹೋತೇನು?’ ಎಂದರು.

ಇಷ್ಟು ವರ್ಷಗಳಲ್ಲಿ ಕೇಳಬೇಕಾದ ಪ್ರಶ್ನೆಯನ್ನು ಕೇಳಿದವರು ಅವರೊಬ್ಬರೇ. ನಾನು ಉತ್ಸಾಹದಿಂದ ವಿವರಿಸಿದೆ. ಈ ಸ್ಟೇಷನ್ನಿಗೆ ಹಗಲಿನಲ್ಲಿ ಮಾತ್ರ ಪ್ರಸಾರದ ಅನುಮತಿಯಿದೆ. ಹಗಲಿನಲ್ಲಿ ವಾಯುಮಂಡಲದ ಮೇಲ್ಭಾಗದಲ್ಲಿ ಬಿಸಿಲಿನಿಂದ ಉಂಟಾಗುವ ವಿದ್ಯುದಾವಿಷ್ಟ ಪದರವೊಂದು ಮೇಲೇರುವ ಮಧ್ಯಮ ತರಂಗಗಳನ್ನು ಹೀರಿಬಿಡುವುದರಿಂದ ಸ್ಟೇಷನ್ನಿನ ದನಿ ನೆಲದುದ್ದಕ್ಕೂ ಹರಿದು ಸುತ್ತಮುತ್ತಲೇ ನಿಲ್ಲುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗಿ, ತರಂಗಗಳು ಇನ್ನೂ ಮೇಲಿನ ಪದರಕ್ಕೆ ಬಡಿದು ನೂರಾರು ಮೈಲಿ ಆಚೆಗೆ ಇಳಿಯುತ್ತವೆ. ಇದೇ 1110ರಲ್ಲಿ ಒಮಾಹಾದ ಕೆಎಫ್‌ಎಬಿ ಮತ್ತು ಷಾರ್ಲೆಟ್‌ನ ಡಬ್ಲ್ಯುಬಿಟಿ ಎಂಬ, ತಲಾ 50 ಕಿಲೋವ್ಯಾಟ್ ಶಕ್ತಿಯ ಎರಡು ಹಳೆಯ ಸ್ಟೇಷನ್ನುಗಳಿವೆ. ಅವು ಕೂಡ ರಾತ್ರಿ ಒಂದನ್ನೊಂದು ತುಳಿಯದಂತೆ ತಮ್ಮ ಪ್ರಸಾರದ ದಿಕ್ಕನ್ನು ಹೊಂದಿಸಿಕೊಳ್ಳುತ್ತವೆ. ಅವುಗಳಿಗೆ ಅಡ್ಡಬರಬಾರದೆಂದು ನಮ್ಮ ಸ್ಟೇಷನ್ನು ಬಾಯಿ ಮುಚ್ಚುತ್ತದೆ. ಜೂನಿನಲ್ಲಿ ರಾತ್ರಿ ಎಂಟು ದಾಟಿದರೂ ಹಾಡುವ ಮೇಳ ಡಿಸೆಂಬರಿನಲ್ಲಿ ಆಫೀಸು ಬಿಡುವ ಮೊದಲೇ ಮನೆಗೆ ಹೋಗಿರುತ್ತದೆ. ಎಫ್‌ಎಂನಲ್ಲಿಯೂ ಅವರದೊಂದು ಸ್ಟೇಷನ್ ಇದೆ, ಅದು ರಾತ್ರಿಯೂ ಹಾಡುತ್ತದೆ. ಆದರೆ ಸೂರ್ಯನೊಡನೆ ಏಳುವ, ಸೂರ್ಯನೊಡನೆ ಮಲಗುವ ಸ್ಟೇಷನ್ನಿನ ಸುಖ ಅದರಲ್ಲಿಲ್ಲ.

ತಾಯಿ ಎಲ್ಲವನ್ನೂ ಗಮನವಿಟ್ಟು ಕೇಳಿದರು. ಅಷ್ಟರಲ್ಲಿ ಕರಕರದ ನಡುವಿನಿಂದ ಯಾವುದೋ ಊರಿನ ದನಿಯೊಂದು ತೇಲಿಬಂದು ಮರೆಯಾಯಿತು. ‘ಚಲೋ ಮಂದಿ, ಇನ್ನೊಬ್ಬರಿಗೆ ಜಾಗಾ ಬಿಡ್ತಾರ’ ಎಂದರು.

ಮುಂದಿನ ವಾರ ಗೆಳೆಯನ ಮನೆಯ ಊಟದಲ್ಲಿ ಯಾರೋ ನನ್ನ ಬೆನ್ನ ಹಿಂದೆ ಅದೇ ಪ್ರಶ್ನೆಯನ್ನು ಎತ್ತಿದರಂತೆ. ಅಡುಗೆಮನೆಯಿಂದ ಆ ತಾಯಿ ನನ್ನ ಪರವಾಗಿ ಗಟ್ಟಿಯಾಗಿ ಹೇಳಿದ್ದನ್ನು ನಾನೇ ಕೇಳಿಸಿಕೊಂಡೆ: ‘ಛೇ, ಹಂಗೇನಿಲ್ಲ. ಅಂವ ಹಗಲಿನಾಗಷ್ಟ ಕೇಳ್ತಾನ. ಹೊತ್ತು ಮುಳುಗಿದ ಮ್ಯಾಲೆ ಪೂರಾ ನಮ್ಮಂವನ.’